ಸೋಸಿದ ನೀರು

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಸಮುದ್ರದ ಪಾಚಿಯೊಳಗಿನ ವಿಷ ಹುಡುಕುವುದು ನನ್ನ ಕೆಲಸ. ನೀರು ಕೆಂಪಾಗಿ ಕಂಡರೆ, ಮೀನು ರಾಶಿಯಾಗಿ ಸತ್ತು ದಡಕ್ಕೆ ಬಂದರೆ, ಕಪ್ಪೆಚಿಪ್ಪಿನ ಸಾರು ಉಂಡವರ ತುಟಿ ಜೋಮುಗಟ್ಟಿದರೆ ನಮಗೆ ಕರೆ ಬರುತ್ತದೆ. ಹೋಗಿ ನೀರು ತರುತ್ತೇವೆ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತೇವೆ. ಯಾವ ನೀರನ್ನೂ ಮುಖ ನೋಡಿ ನಂಬಬಾರದು ಎಂಬುದು ಈ ಕೆಲಸ ಕಲಿಸಿದ ಮೊದಲ ಪಾಠ. ಆ ಪಾಠ ನನಗೆ ತುಸು ಹೆಚ್ಚೇ ಹತ್ತಿದೆ. ಮದುವೆ ಮನೆಯಲ್ಲಿ ಪಾನಕದ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಬೀಗರ ಕೈಲಿ ಬೈಸಿಕೊಂಡವಳು ನಾನು.

ನನ್ನ ತಾಯಿಯ ತವರು ಕೊಟ್ಟೂರು ತಾಲೂಕಿನಲ್ಲಿ, ಉಜ್ಜಿನಿಯಿಂದ ಇನ್ನಷ್ಟು ಒಳಗೆ ಹೋದರೆ ಸಿಗುವ ಒಂದು ಊರು. ತಾಯಿಯ ಊರಿನ ಗಂಡಸರೆಲ್ಲ ನಮಗೆ ಮಾವಂದಿರೇ. ಗುರುತಿಗೆ ಇರಲಿ ಎಂದು ಸಣ್ಣವರಿದ್ದಾಗ ನಾವೇ ಅವರಿಗೆ ಹೆಸರಿಟ್ಟಿದ್ದೆವು. ಕುರಿ ಸಾಕಿದ ಸ್ವಂತ ಮಾವ ಕುರಿ ಮಾವ. ಕೆರೆಯ ಆಚೆ ದಂಡೆಯಲ್ಲಿ ಹೊಲವಿದ್ದ ಅವನ ಗೆಳೆಯ ಹೊಲದ ಮಾವ. ಬೇಸಿಗೆ ಬಂತೆಂದರೆ ಕುರಿ ಮಾವನ ಹಿಂಡು ಹೊಲದ ಮಾವನ ಹೊಲದಲ್ಲೇ ಬೀಡು ಬಿಡುತ್ತಿತ್ತು. ಕುರಿಗೆ ಜಾಗ ಸಿಕ್ಕಿತು, ಹೊಲಕ್ಕೆ ಗೊಬ್ಬರ ಸಿಕ್ಕಿತು. ನಾವು ಮಕ್ಕಳು ಅಲ್ಲಿಗೆ ಓಡುತ್ತಿದ್ದುದು ಬೇರೆ ಕಾರಣಕ್ಕೆ. ಆ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಮಾತಿಗಿಂತ ಮೊದಲು ಚೊಂಬಿನಲ್ಲಿ ನೀರು ಬರುತ್ತದೆ. ಬಂದವರು ಕುಡಿದು ಕೆಳಗಿಡುವ ತನಕ ಮನೆಯವರು ಆ ನೀರಿಗೆ ಬಾಯಿ ಹಚ್ಚುವುದಿಲ್ಲ. ಹೊಲದ ಮಾವ ಚೊಂಬಿನ ಜೊತೆಗೆ ಅಂಗೈ ತುಂಬ ಬೆಲ್ಲವನ್ನೂ ಕೊಡುತ್ತಿದ್ದ. ಅದಕ್ಕೇ ನಮಗೆ ಅವನ ಗುಡಿಸಲಿನಲ್ಲಿ ದಿನಕ್ಕೆ ನಾಲ್ಕು ಸಲ ಬಾಯಾರಿಕೆ ಆಗುತ್ತಿತ್ತು.

ಹೋದ ಮುಂಗಾರಿನಲ್ಲಿ, ಮೊದಲ ಮಳೆ ಬಿದ್ದು ಕೆಲವು ವಾರ ಬಿಸಿಲು ಕಾಯ್ದ ಮೇಲೆ, ಕುರಿ ಮಾವನ ಫೋನು ಬಂತು. ಅವನ ದನಿ ಒಡೆದಿತ್ತು.

"ಎಂಟು ಕುರಿ ಹೋದ್ವು ನೋಡವ್ವ. ಸಂಜಿಮುಂದ ಕೆರಿಯಾಗ ನೀರು ಕುಡದ್ವು, ಬೆಳಕು ಹರಿಯೂದ್ರೊಳಗ ಬಿದ್ದಿದ್ವು. ಡಾಕ್ಟ್ರು ಬಂದು ಹೊಟ್ಟಿ ಕೊಯ್ದು ನೋಡಿದ್ರು. ಕಾಳಿಜ ಊದಿ ಕರ್ರಗ ಆಗೇತಿ, ಏನೋ ವಿಷ ಹೋಗೇತಿ ಅಂದ್ರು."

"ಎಲ್ಲಿ ಕುಡದ್ವು ಮಾವ?"

"ಎಲ್ಲಿ ಅಂದ್ರ? ಅವನ ಹೊಲದ ದಂಡಿಗೆ. ಅವನೇ ಹಾಕ್ಯಾನ."

ಅವನು ಅಂದರೆ ಹೊಲದ ಮಾವ. ವಾರದ ಹಿಂದೆ ಕುರಿಗಳು ಅವನ ಮೆಕ್ಕೆಜೋಳದ ಎಳೆಯ ಪೈರಿಗೆ ಬಾಯಿ ಹಾಕಿದ್ದವಂತೆ. ನಾಲ್ಕು ಮಂದಿಯ ಎದುರು ಅವನು, "ಇನ್ನೊಮ್ಮೆ ಬಂದ್ರ ನಿನ್ನ ಹಿಂಡಿನಾಗ ಒಂದೂ ಉಳಿಯಂಗಿಲ್ಲ ನೋಡ್ಲೇ" ಎಂದು ಕೂಗಾಡಿದ್ದನಂತೆ. ಮೇಲಾಗಿ ಔಷಧಿ ಹೊಡೆದ ಪಂಪನ್ನು ಅವನು ಕೆರೆಯಲ್ಲಿ ತೊಳೆದದ್ದನ್ನು ಕಂಡವರಿದ್ದರು. ಅನುಮಾನಕ್ಕೆ ಇಷ್ಟು ಸಾಕಲ್ಲವೇ? ನನ್ನಂಥವಳಿಗೆ ಇದರ ಕಾಲುಭಾಗ ಸಾಕು.

ಆದರೂ ಕಾಳಿಜ ಊದಿತ್ತು ಎಂಬ ಮಾತು ಕೇಳಿ ನನ್ನ ತಲೆಗೆ ಮೊದಲು ಬಂದದ್ದು ಪಾಚಿಯೇ. ಸಮುದ್ರದಲ್ಲಿ ಇರುವಂತೆ ಕೆರೆಯಲ್ಲೂ ವಿಷದ ಪಾಚಿ ಇರುತ್ತದೆ. ಹೊಲದ ಗೊಬ್ಬರ ಮಳೆಗೆ ತೊಳೆದು ಕೆರೆಗೆ ಬಂದು, ಮೇಲೆ ಬಿಸಿಲು ಬಿದ್ದರೆ ಅದು ಹೆಚ್ಚುತ್ತದೆ. ಅದನ್ನು ಕುಡಿದ ದನಕುರಿಯ ಕಾಳಿಜ ಅಂದರೆ ಯಕೃತ್ತು ರಕ್ತ ತುಂಬಿ ಊದಿಕೊಳ್ಳುತ್ತದೆ. "ಯಾರ ಮ್ಯಾಲೂ ಈಗ್ಲೇ ಹೊರಸಬ್ಯಾಡ ಮಾವ, ಮೊದಲ ಕೆರಿ ನೀರು ಒಂದು ಬಾಟಲಿ ಕಳಿಸು" ಎಂದೆ.

ಬಾಟಲಿಯ ವಿಷಯದಲ್ಲಿ ನಾನು ಹೇಳಿದ ಎಚ್ಚರಿಕೆಗಳನ್ನು ಈಗ ನೆನೆದರೆ ನಗು ಬರುತ್ತದೆ. ಹೊಸ ಬಾಟಲಿ ಇರಲಿ, ಬಿಸಿನೀರಲ್ಲಿ ತೊಳೆಯಿರಿ, ಬಿರಡೆಗೆ ಟೇಪು ಸುತ್ತಿ, ಟೇಪಿನ ಮೇಲೆ ಸಹಿ ಹಾಕಿ, ಬಿಸಿಲಿಗೆ ಇಡಬೇಡಿ. ಹರಪನಹಳ್ಳಿಯಿಂದ ಕರಾವಳಿಗೆ ಬರುವ ಬಸ್ಸಿನ ಚಾಲಕನ ಕೈಗೆ ಅದನ್ನು ಕೊಟ್ಟಾಗ ಫೋಟೋ ತೆಗೆಸಿ ತರಿಸಿಕೊಂಡೆ. ನಡುದಾರಿಯಲ್ಲಿ ಬಾಟಲಿ ಒಡೆದು ಅವನು ಯಾವುದೋ ನಲ್ಲಿ ನೀರು ತುಂಬಿ ಕೊಟ್ಟರೆ ಎಂಬ ಭಯ. ಬಸ್ ನಿಲ್ದಾಣದಲ್ಲಿ ನಾನು ಫೋಟೋದ ಬಾಟಲಿಗೂ ಕೈಲಿದ್ದ ಬಾಟಲಿಗೂ ತಾಳೆ ನೋಡುತ್ತ ನಿಂತಾಗ ಆ ಮನುಷ್ಯ, "ಮೇಡಂ, ಇದರಾಗೇನು ಗಂಗಾಜಲ ಐತೇನ್ರಿ?" ಎಂದು ಕೇಳಿದ. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಟೇಪಿನ ಮೇಲೆ, ನೀರು ತುಂಬಿ ಕಳಿಸಿದ ಕುರಿ ಮಾವನ ಹೆಂಡತಿ, ನಮ್ಮ ಅತ್ತೆಯ ಸೊಟ್ಟ ಸಹಿ ಹಾಗೇ ಇತ್ತು.

ನೀರು ನೋಡಿದೆ. ಒಂದು ಸಲವಲ್ಲ, ಮೂರು ಸಲ. ಕೆರೆಯ ನೀರಲ್ಲಿ ಇರಬೇಕಾದ ಸಾಧಾರಣ ಜೀವಿಗಳು ಅಲ್ಲೊಂದು ಇಲ್ಲೊಂದು ತೇಲುತ್ತಿದ್ದವು. ವಿಷದ ಪಾಚಿಯ ಸುಳಿವೇ ಇರಲಿಲ್ಲ. ಮುಂಗಾರಿನ ಕೆರೆಯ ನೀರು ಅಷ್ಟು ತಿಳಿಯಾಗಿದ್ದುದನ್ನು ಕಂಡೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಮ್ಮ ಕೆರೆ ಎಷ್ಟು ಚೆನ್ನಾಗಿದೆ ಎಂಬ ಹೆಮ್ಮೆ ಬಂತು.

ಕುರಿ ಮಾವನಿಗೆ ದನಿ ಸಂದೇಶ ಕಳಿಸಿದೆ. "ಮಾವ, ನೀರಾಗ ಏನೂ ಇಲ್ಲ. ನೀರು ಚಲೋ ಐತಿ. ಇದು ಪಾಚಿ ವಿಷ ಅಲ್ಲ." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನ ಬಾಯಿ ಎಲ್ಲಿ ನಿಲ್ಲುತ್ತದೆ? "ಯಾರರ ಏನರ ಹಾಕ್ಯಾರೇನು ನೋಡ್ರಿ" ಎಂದು ಸೇರಿಸಿದೆ.

ಆ ಕೊನೆಯ ಮಾತು ಏನೇನು ಮಾಡಿತು ಎಂಬುದು ನನಗೆ ಹದಿನೈದು ದಿನ ಗೊತ್ತೇ ಆಗಲಿಲ್ಲ. ಮತ್ತೆ ಎರಡು ಕುರಿ ಸತ್ತವು ಎಂದು ಅತ್ತೆ ಫೋನಿನಲ್ಲಿ ಅತ್ತಾಗ ರಜೆ ಹಾಕಿ, ಸಣ್ಣ ಸೂಕ್ಷ್ಮದರ್ಶಕವೊಂದನ್ನು ಬಟ್ಟೆಯ ನಡುವೆ ಸುತ್ತಿಕೊಂಡು ಹೊರಟೆ. ಕೊಟ್ಟೂರಿನಲ್ಲಿ ಬಸ್ಸಿಳಿದು ಊರಿಗೆ ಹೋಗುವ ಟಂಟಂ ಆಟೋ ಹತ್ತಿದೆ. ನಾನು ಯಾವ ಊರಿಗೆ ಎಂದು ಕೇಳಿದ ಚಾಲಕ ಹಿಂದಕ್ಕೆ ತಿರುಗಿದ.

"ಆ ಊರಿಗಾ? ಅಲ್ಲಿ ನೀರು ಕುಡೀಬ್ಯಾಡ್ರಿ ಮತ್ತ. ಒಬ್ಬಾವ ಕೆರಿಗೆ ವಿಷ ಹಾಕ್ಯಾನ. ಯಾರೋ ದೊಡ್ಡ ಮೇಡಂ ಪರೀಕ್ಷಾ ಮಾಡಿ ಹೇಳ್ಯಾರ, ಕೇಳ್ರಿ ಇಲ್ಲಿ" ಎಂದವನೇ ಮೊಬೈಲು ಒತ್ತಿದ.

ನನ್ನ ದನಿ ಬಂತು. 'ಯಾರರ ಏನರ ಹಾಕ್ಯಾರೇನು ನೋಡ್ರಿ.' ಪಕ್ಕದಲ್ಲಿ ಕೂತಿದ್ದ ಹೆಂಗಸು, "ಅಂಥಾವರ ಕೈ ಸೇದಿಹೋಗ" ಎಂದು ಶಾಪ ಹಾಕಿದಳು. ಆ ದನಿ ನನ್ನದೇ ಎಂದು ಹೇಳುವ ಧೈರ್ಯ ಬರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ನೋಡುತ್ತ ಕೂತೆ.

ಉಳಿದದ್ದನ್ನು ಚಾಲಕನೇ ಹೇಳಿದ. ಊರವರು ಹೊಲದ ಮಾವನನ್ನು ಗುಡಿಗೆ ಕರೆಸಿ ದೇವರ ಅರಿಸಿನದ ಭಂಡಾರ ಮುಟ್ಟಿ ಆಣೆ ಮಾಡು ಅಂದರಂತೆ. ಅವನು ಪಂಪು ತೊಳೆದದ್ದನ್ನು ಒಪ್ಪಿಕೊಂಡು, ವಿಷ ಮಾತ್ರ ಹಾಕಿಲ್ಲ ಎಂದು ಆಣೆ ಮಾಡಿದನಂತೆ. ಆ ಆಣೆ ನಂಬಿ ಹಿಂಡನ್ನು ಮತ್ತೆ ಅಲ್ಲಿಗೇ ಬಿಟ್ಟರಂತೆ. ಅದಾದ ಮೂರನೆಯ ದಿನಕ್ಕೆ ಅದೇ ದಂಡೆಯಲ್ಲಿ ಮತ್ತೆರಡು ಕುರಿ ಬಿದ್ದವು. ಅಲ್ಲಿಗೆ ಅವನು ದೇವರೆದುರು ಸುಳ್ಳು ಹೇಳಿದವನೂ ಆದ. ಈಗ ಅವನ ಎಮ್ಮೆಯ ಹಾಲನ್ನು ಯಾರೂ ಒಯ್ಯುವುದಿಲ್ಲ, ಅವನ ಹೊಲಕ್ಕೆ ಯಾರೂ ಕೂಲಿಗೆ ಹೋಗುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ. ಹೆಂಡತಿ ತಲೆ ಎತ್ತಲಾಗದೆ ತೆಲಿಗಿ ಊರಿನಲ್ಲಿರುವ ಮಗಳ ಮನೆ ಸೇರಿದ್ದಾಳೆ. ಬರುವ ಸೋಮವಾರ ಹಿರಿಯರು ಕೂತು, ಅವನು ಊರಲ್ಲಿ ಇರಬೇಕೋ ಬೇಡವೋ ಎಂದು ಮಾತಾಡುತ್ತಾರಂತೆ. ಅಂದು ಶನಿವಾರ.

ಮನೆಯಲ್ಲಿ ಕುರಿ ಮಾವ, "ನೀ ಹೇಳದ ಮ್ಯಾಲೆ ಇನ್ನೇನೈತಿ?" ಎಂದಷ್ಟೇ ಅಂದ. ಬದುಕುಳಿದ ಕುರಿಗಳಲ್ಲಿ ಮೂರು ನೆರಳು ಬಿಟ್ಟು ಏಳುತ್ತಿರಲಿಲ್ಲ. ಅವುಗಳ ಕಿವಿ ದಪ್ಪಗಾಗಿ ತೊಗಲು ಸುಲಿಯುತ್ತಿತ್ತು. ಯಕೃತ್ತು ಕೆಟ್ಟ ಪ್ರಾಣಿಗೆ ಬಿಸಿಲು ಹೀಗೆ ಸುಡುತ್ತದೆ. ಬೆಳೆಗೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿದ್ದರೆ ಜೊಲ್ಲು ಸುರಿಸಿ, ಒದ್ದಾಡಿ ಸಾಯುತ್ತವೆ. ಜೊಲ್ಲು ಬಂದಿತ್ತೇ ಎಂದು ಕೇಳಿದೆ. ಇಲ್ಲ ಎಂದ. ಈ ಪ್ರಶ್ನೆಯನ್ನು ಮೊದಲ ದಿನ ಫೋನಿನಲ್ಲೇ ಯಾಕೆ ಕೇಳಲಿಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ಬಾಟಲಿಯ ನೀರಲ್ಲಿ ಏನೂ ಇರಲಿಲ್ಲವಲ್ಲ! ಬಾಟಲಿ ತಂದ ಬಸ್ಸಿನ ಚಾಲಕನನ್ನು ಮತ್ತೆ ಅನುಮಾನಿಸಿದೆ. ಯಾರೋ ಬಾಟಲಿ ಬದಲಿಸಿದ್ದಾರೆ ಅಂದುಕೊಂಡೆ. ಹೊಲದ ಮಾವನನ್ನು ಸಿಕ್ಕಿಸಲು ಕುರಿ ಮಾವನೇ ಬೇರೆ ನೀರು ಕಳಿಸಿದನೇ ಎಂದೂ ಒಂದು ಗಳಿಗೆ ಯೋಚಿಸಿದೆ. ಹೆತ್ತ ತಾಯಿಯ ಒಡಹುಟ್ಟಿದವನನ್ನು.

ಸಂಜೆ ಅತ್ತೆ ಕೊಡ ಎತ್ತಿಕೊಂಡಳು. ಕುಡಿಯಲು ಈಗ ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಬಂದಿದೆ. ಆದರೆ ಬೋರಿನ ಗಡಸು ನೀರಲ್ಲಿ ಬೇಳೆ ಬೇಯುವುದಿಲ್ಲ ಎಂದು ಅಡಿಗೆಗೆ ಅವಳಿಗೆ ಕೆರೆಯದೇ ಆಗಬೇಕು. ನಾನೂ ಹಿಂದೆ ಹೋದೆ. ಏರಿಯ ಕಲ್ಲು ಮೆಟ್ಟಿಲು ಇಳಿದು ಅವಳು ಮೊಣಕಾಲುದ್ದ ನೀರಿಗೆ ಹೋದಳು. ಕೊಡದ ಅಡಿಯಿಂದ ನೀರಿನ ಮೇಲುಭಾಗವನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ದೂರ ಸರಿಸಿದಳು. ಸೊಂಟದಲ್ಲಿ ಸಿಕ್ಕಿಸಿದ್ದ ಹಳೆಯ ಸೀರೆಯ ತುಂಡನ್ನು ಮಡಚಿ ಕೊಡದ ಬಾಯಿಗೆ ಕಟ್ಟಿ, ಆಮೇಲೆ ಮುಳುಗಿಸಿದಳು. ಆ ಊರಿನ ಹೆಂಗಸರು ಯೋಚನೆ ಮಾಡದೆಯೇ ಮಾಡುವ ಕೆಲಸ ಅದು. ನನ್ನ ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಸಣ್ಣವಳಿದ್ದಾಗ ಆ ಬಟ್ಟೆ ಹಿಂಡುವುದು ನನ್ನ ಪಾಲಿನ ಕೆಲಸವಾಗಿತ್ತು.

"ಅತ್ತಿ, ನನಗ ಕಳಸಿದ ಬಾಟಲಿ ನೀರು ಎಲ್ಲೀದು?"

"ಇಲ್ಲೀದಾ. ಮತ್ತೆಲ್ಲೀದು?"

"ಹಿಂಗ ಸೋಸಿದ್ಯಾ?"

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಸೋಸದ ಬಿಡ್ತಾರೇನವ್ವ? ಪರಸ್ಥಳದಾಗ ಇರೋ ಮಗಳಿಗೆ ಹಾವಸಿ ನೀರು ಕಳಸ್ತಾರೇನು? ನಿಂದನ್ನ ನಾಕು ಮಡಿಕಿ ಮಾಡಿ ಸೋಸೀನಿ. ಎರಡು ಸಲ."

ಹಾವಸಿ ಎಂದರೆ ನೀರ ಮೇಲೆ ಕಟ್ಟುವ ಪಾಚಿ. ನಾನು ಸೂಕ್ಷ್ಮದರ್ಶಕ ಇಟ್ಟು ಹುಡುಕಿದ್ದನ್ನು ಅತ್ತೆ ಪ್ರೀತಿಯಿಂದ ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಹಿಡಿದು ಕೆರೆಗೇ ಝಾಡಿಸಿಬಿಟ್ಟಿದ್ದಳು. ತಪ್ಪು ಅವಳದಲ್ಲ. ಟೇಪು, ಸಹಿ, ಫೋಟೋ ಎಂದೆಲ್ಲ ಹೇಳಿದ ನಾನು, ಕುರಿ ಕುಡಿದ ಜಾಗದಲ್ಲಿ, ಕುರಿ ಕುಡಿದ ಹಾಗೆಯೇ ನೀರು ತುಂಬಿ ಎಂದು ಹೇಳಿರಲಿಲ್ಲ. ಆ ಮನೆಯಲ್ಲೇ ಬೆಳೆದು, ಆ ಬಟ್ಟೆಯನ್ನೇ ಹಿಂಡಿದವಳಿಗೆ ಅದು ನೆನಪಾಗಲಿಲ್ಲ. ಇನ್ನು ಬೇಳೆಗೂ ಈ ನೀರು ಬೇಡ, ಕುದಿಸಿದರೂ ಈ ವಿಷ ಸಾಯುವುದಿಲ್ಲ ಎಂದು ಹೇಳಿ ಅವಳ ಕೊಡವನ್ನು ಅಲ್ಲೇ ಬಗ್ಗಿಸಿದೆ. ಅವಳು ಬೇಜಾರಾಗಿ ನನ್ನನ್ನೇ ನೋಡಿದಳು.

ಏರಿ ಬಳಸಿ ಆಚೆ ದಂಡೆಗೆ ಓಡಿದೆ. ಮುಂಗಾರಿನ ಗಾಳಿ ಏರಿಯ ಕಡೆಯಿಂದ ಹೊಲಗಳ ಕಡೆಗೆ ಬೀಸುತ್ತದೆ. ಕೆರೆಯ ಮೇಲಿನ ಪಾಚಿಯೆಲ್ಲ ಹೊಲದ ಮಾವನ ದಂಡೆಗೆ ಬಂದು, ಹಸಿರು ಬಣ್ಣ ಕಲಸಿ ಸುರಿದ ಹಾಗೆ ದಪ್ಪಗೆ ಕಟ್ಟಿತ್ತು. ಕೆಟ್ಟ ನಾತ. ಇಳಿಜಾರು ಸಲೀಸು ಎಂದು ಕುರಿಗಳು ನೀರಿಗಿಳಿಯುವುದೂ ಅಲ್ಲೇ. ಅವನ ಹೊಲದ ಮೇಲೆ ಅನುಮಾನ ಹುಟ್ಟಿಸಿದ್ದು ಗಾಳಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಾಟಲಿ ತುಂಬಿದೆ. ಮನೆಯ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು ನೋಡಿದಾಗ, ಗುಂಪುಗುಂಪಾಗಿ ಅಂಟಿಕೊಂಡ ಸಣ್ಣ ಉಂಡೆಗಳು ತುಂಬಿಹೋಗಿದ್ದವು. ವಿಷದ ಪಾಚಿಯೆಂದು ಗುರುತು ಹಿಡಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಆಮೇಲೆ ಪ್ರಯೋಗಾಲಯದ ಪರೀಕ್ಷೆಯಲ್ಲೂ ಅದೇ ವಿಷ ಬಂತು.

ಭಾನುವಾರ ಬೆಳಿಗ್ಗೆ ಹಿರಿಯರನ್ನು ಕಟ್ಟೆಗೆ ಕರೆದೆ. ಹೇಳಿದೆ, ತೋರಿಸಿದೆ. ಅವರ ಮುಖ ಬಿಗಿದೇ ಇತ್ತು.

"ಮೊದಲ ಇಲ್ಲ ಅಂದಿ, ಈಗ ಐತಿ ಅಂತಿ" ಎಂದರು ಒಬ್ಬರು. "ಅವ ನಿನಗ ಸಣ್ಣಾಕಿ ಇದ್ದಾಗಿಂದ ಬೆಲ್ಲ ತಿನಿಸ್ಯಾನ. ನಿನ್ನೆ ಸಂಜಿಮುಂದ ಅವನ ಹೊಲದ ಕಡಿ ಓಡಿದ್ದನ್ನ ನಾವೂ ನೋಡೀವಿ."

ಅನುಮಾನ ನನ್ನ ಮೇಲೆ ತಿರುಗಿದಾಗ ಅದು ಹೇಗಿರುತ್ತದೆ ಎಂದು ಮೊದಲ ಸಲ ತಿಳಿಯಿತು. ನಾನು ಏನು ಹೇಳಿದರೂ ಅದು ಇನ್ನೊಂದು ಸಾಕ್ಷಿಯಾಗುತ್ತಿತ್ತು. ಆಗ ಒಳಗಿಂದ ಅತ್ತೆ ಬಂದಳು. ಗಂಡಸರು ಕೂತಲ್ಲಿ ಎಂದೂ ಮಾತಾಡದವಳು. ನಾನು ತಂದ ಹಸಿರು ನೀರನ್ನು ಎರಡು ಬಾಟಲಿ ಮಾಡಿ, ಒಂದನ್ನು ಎಲ್ಲರೆದುರೇ ಸೀರೆಯ ತುಂಡಿನಲ್ಲಿ ಎರಡು ಸಲ ಸೋಸಿದಳು. ಒಂದು ಹಸಿರಾಗೇ ಉಳಿಯಿತು, ಇನ್ನೊಂದು ತಿಳಿಯಾಯಿತು. ಬಟ್ಟೆಯಲ್ಲಿ ಉಳಿದದ್ದನ್ನು ಅವರ ಮುಂದೆ ಹಿಡಿದಳು.

"ಆಕಿಗೆ ನಾ ಕಳಸಿದ್ದು ಇದು. ನಿಮ್ಮ ಕುರಿ ಕುಡದಿದ್ದು ಅದು. ತೆಪ್ಪು ನಂದು, ಆ ಮನಶ್ಯಾಂದಲ್ಲ."

ನನ್ನ ಸೂಕ್ಷ್ಮದರ್ಶಕ ಮಾಡದ್ದನ್ನು ಆ ಬಟ್ಟೆ ಮಾಡಿತು. ಆ ಬಟ್ಟೆ ಎಲ್ಲರ ಮನೆಯಲ್ಲೂ ಇತ್ತು. ಕುರಿ ಮಾವ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಸೋಮವಾರದ ಮಾತುಕತೆ ಬೇಡವೆಂದರು. ಕುರಿ ಇಳಿಯದಂತೆ ಆ ದಂಡೆಗೆ ಮುಳ್ಳುಬೇಲಿ ಹಚ್ಚಲು ಜನ ಹೊರಟರು. ಹೊರಟವರಲ್ಲೂ ಒಬ್ಬರು, "ಆದ್ರೂ ಪಂಪು ತೊಳದಿದ್ದು ಖರೇ ಐತಲ್ಲ" ಎಂದು ಹೇಳುತ್ತಲೇ ಹೋದರು.

ಮಧ್ಯಾಹ್ನ ನಾನು ಹೊಲದ ಮಾವನ ಗುಡಿಸಲಿಗೆ ನಡೆದೆ. ಕುರಿ ಮಾವನೂ ಜೊತೆಗೆ ಬಂದ. ಬದುವಿನ ತನಕ ಬಂದು ನಿಂತುಬಿಟ್ಟ. "ನೀ ಹೋಗವ್ವ. ನಾ ಅವಗ ಹೆಂಗ ಮಾರಿ ತೋರಸ್ಲಿ?" ಎಂದ.

ಹೊಲದ ಮಾವ ಒಬ್ಬನೇ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ಕಂಡು ಎದ್ದ. ಇಷ್ಟು ಬಡವಾಗಿದ್ದಾನೆಂದು ನಾನು ಎಣಿಸಿರಲಿಲ್ಲ. ಬಾಟಲಿ, ಬಟ್ಟೆ, ಗಾಳಿ ಎಲ್ಲ ಹೇಳಿದೆ. ನನ್ನ ಮಾತಿನಿಂದಲೇ ಇದೆಲ್ಲ ಆಯಿತು, ತಪ್ಪಾಯಿತು ಎಂದೆ. ಅವನು ಕೇಳಿಸಿಕೊಂಡ. "ಹಂಗಾದ್ರ ದೇವರಿಗೆ ಗೊತ್ತಾತು ಬಿಡವ್ವ, ನಾ ಸುಳ್ಳು ಹೇಳಿಲ್ಲ ಅಂತ" ಎಂದಷ್ಟೇ ಅಂದು ಒಳಗೆ ಹೋದ.

ಚೊಂಬು ತಂದ. ಅಂಗೈಯಲ್ಲಿ ಬೆಲ್ಲ ಇತ್ತು. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ಚೊಂಬನ್ನು ಮೇಲಕ್ಕೆತ್ತಿ ಮೊದಲು ತಾನು ಎರಡು ಗುಟುಕು ಬಾಯಿಗೆ ಸುರಿದುಕೊಂಡ. ಬೆಲ್ಲವನ್ನು ಮುರಿದು ಒಂದು ಚೂರು ತನ್ನ ಬಾಯಿಗೆ ಹಾಕಿಕೊಂಡು, ಅಗಿದು ನುಂಗಿ, ನನಗೆ ಕಾಣುವಂತೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಉಳಿದದ್ದನ್ನು ನನ್ನ ಕಡೆ ಚಾಚಿದ.

"ಮಾವ, ನೀವು ಮೊದಲ ಯಾಕ ಕುಡದ್ರಿ?"

ಅವನು ಬೆಚ್ಚಿದ. ತಾನು ಏನು ಮಾಡಿದೆನೆಂದು ಅವನಿಗೆ ಆಗಲೇ ತಿಳಿದದ್ದು. "ರೂಢಿ ಆಗೇತವ್ವ" ಎಂದ. "ಈಗ ಬ್ಯಾರೆ ಊರಿಂದ ಯಾರರ ಬಂದ್ರೂ, ನಾ ಕುಡದು ತೋರಸದ ಹೊರತು ಮುಟ್ಟಂಗಿಲ್ಲ."

ಚೊಂಬು ಇಸಿದುಕೊಂಡೆ. ಸುಳ್ಳೇಕೆ ಹೇಳಲಿ, ಅಷ್ಟೆಲ್ಲ ಆದ ಮೇಲೂ ನನ್ನ ಕಣ್ಣು ಮೊದಲು ಹೋದದ್ದು ಚೊಂಬಿನ ಒಳಕ್ಕೆ, ನೀರಿನ ಬಣ್ಣ ನೋಡಲು. ತಲೆ ಎತ್ತಿದಾಗ ಅವನು ನನ್ನನ್ನೇ ನೋಡುತ್ತಿದ್ದ. ಬೇಜಾರಿಲ್ಲ, ಸಿಟ್ಟಿಲ್ಲ. ನೋಡಲಿ ಎಂದು ಸುಮ್ಮನೆ ಕಾಯುತ್ತಿದ್ದ. ನಾನು ಕಣ್ಣು ಮುಚ್ಚಿ ಅಷ್ಟೂ ನೀರನ್ನು ಕುಡಿದೆ.